ಪರೀಕ್ಷೆ ಇಲ್ಲ ಅಂದಾಗ ಉಕ್ಕಿದ ಹಾಲು

ಇವತ್ತು ಬೆಳಿಗ್ಗೆ ನಮ್ಮನೆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಕಾವಲಿಗೆ ನಿಂತಿದ್ದವನು ನಾನೇ. ವಿಶಾಖಪಟ್ಟಣದ ಈ ಅಡುಗೆಮನೆಯ ಕಿಟಕಿಯಲ್ಲಿ ಸಮುದ್ರದ ಒಂದು ಚೂರು ಕಾಣುತ್ತದೆ. ನಾನು ಅದನ್ನೂ ನೋಡುತ್ತಿರಲಿಲ್ಲ. ನಾಳೆ ನನ್ನ ಬಲಗಣ್ಣಿನ ಪೊರೆ ತೆಗೆಯುತ್ತಾರೆ. ಎಲ್ಲರೂ ಮಾಡಿಸಿಕೊಳ್ಳುವಂಥದ್ದೇ, ಗೊತ್ತು. ಆದರೆ ಕಣ್ಣು ನನ್ನದಲ್ಲವೇ?

“ಏನ್ರೀ, ಪೊರಿ ಬಂದಿದ್ದು ಕಣ್ಣಿಗೋ ಮೂಗಿಗೋ? ಹಾಲು ಹೊತ್ತಿದ ವಾಸನಿ ಬರಾಕತ್ತೈತಿ!” ಎಂದು ನನ್ನ ಹೆಂಡತಿ ಸುಲೋಚನಾ ಬಚ್ಚಲಿನಿಂದಲೇ ಕೂಗಿದಳು. ಧಾರವಾಡ ಬಿಟ್ಟು ಎಷ್ಟು ಊರು ಸುತ್ತಿದರೂ ಅವಳ ಮಾತಿನ ಖಾರ ಇಳಿದಿಲ್ಲ.

ನಿಮಗೊಂದು ಗುಟ್ಟು ಹೇಳುತ್ತೇನೆ. ಸೀದ ಹಾಲಿನ ವಾಸನೆ ಬಂದರೆ ನನಗೆ ಖುಷಿಯಾಗುತ್ತದೆ. ವಿಜಯವಾಡದ ಡಾಕ್ಟರ್ ಸುಪ್ರಿಯಾ ನೆನಪಾಗುತ್ತಾಳೆ.

ಹಿಂದೆ ನನ್ನ ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಮಾಡಿದಾಗ ನಾವು ಬೆಂಜ್ ಸರ್ಕಲ್ ಹತ್ತಿರ ರತ್ನಮ್ಮಗಾರು ಎಂಬ ತೆಲುಗು ಹಿರಿಯರ ಮನೆಯಲ್ಲಿ ಬಾಡಿಗೆಗಿದ್ದೆವು. ಮಹಡಿಯ ಕೋಣೆಯಲ್ಲಿ ತುಮಕೂರಿನ ಸುಪ್ರಿಯಾ. ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರು. ಹೊಸದಾಗಿ ಮದುವೆಯಾದ ಗಂಡ ಹೊರದೇಶದಲ್ಲಿದ್ದ. ಇವಳು ಅಲ್ಲಿ ರೋಗಿಯ ಕೈ ಮುಟ್ಟಬೇಕಾದರೆ ಆ ದೇಶದ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಒಮ್ಮೆ ಫೇಲಾಗಿದ್ದಳು.

“ಓದೋದ್ರಲ್ಲಿ ಅಲ್ಲ ಅಂಕಲ್, ಮಾತಾಡೋದ್ರಲ್ಲಿ!” ಎನ್ನುವಾಗ ಅವಳಿಗೆ ಅಳು, ನಗು ಎರಡೂ ಬರುತ್ತಿದ್ದವು.

ಆ ಪರೀಕ್ಷೆಯಲ್ಲಿ ನಟರು ರೋಗಿಗಳ ವೇಷದಲ್ಲಿ ಬಂದು ಕೂರುತ್ತಾರಂತೆ. ಅವರ ಜೊತೆ ಹೇಗೆ ಮಾತಾಡುತ್ತೀರಿ ಎಂಬುದಕ್ಕೂ ಅಂಕ. ನಮ್ಮ ಹುಡುಗಿ ಒಬ್ಬೊಬ್ಬರ ಕೈ ಹಿಡಿದು “ನಥಿಂಗ್ ವಿಲ್ ಹ್ಯಾಪನ್” ಎಂದಿದ್ದಳು. ‘ಏನೂ ಆಗಲ್ಲ ಬಿಡಿ’ ಎನ್ನುವ ನಮ್ಮ ಕಡೆಯ ಮಾತಿಗೆ ಇಂಗ್ಲಿಷ್ ಕೋಟು ತೊಡಿಸಿದ್ದಳು, ಅಷ್ಟೇ. ಗೊತ್ತಿಲ್ಲದ್ದಕ್ಕೆ ಭರವಸೆ ಕೊಡಬಾರದೆಂದು ಪರೀಕ್ಷಕರು ಅಂಕ ಕತ್ತರಿಸಿದರು.

ಹೀಗಾಗಿ ಪ್ರತಿ ಭಾನುವಾರ ನಾನು ರೋಗಿಯಾದೆ. ಹೈಸ್ಕೂಲು ನಾಟಕದಲ್ಲಿ ದ್ವಾರಪಾಲಕನಾಗಿ ಈಟಿ ಹಿಡಿದು ನಿಂತವನಿಗೆ ಕೊನೆಗೂ ಮುಖ್ಯ ಪಾತ್ರ! ಎದೆನೋವು ಬಂದವನ ಹಾಗೆ ಎಂಥಾ ನರಳಿದೆನೆಂದರೆ ರತ್ನಮ್ಮಗಾರು ಮಜ್ಜಿಗೆ ಹಿಡಿದು ಓಡಿಬಂದರು. ಸುಲೋಚನಾ ಪರೀಕ್ಷಕಿ. ಒಂದು ಕೈಯಲ್ಲಿ ಸ್ಟೀಲ್ ತಟ್ಟೆ, ಇನ್ನೊಂದರಲ್ಲಿ ಸೌಟು. ಸುಪ್ರಿಯಾ “ನಥಿಂಗ್...” ಅನ್ನುವುದೇ ತಡ, ಠಣ್!

“ಮತ್ತ ಅಂದಿ ನೋಡು!”

“ಹೆದರ್ಕೊಂಡಿರೋರ ಮುಖ ನೋಡಿದ್ರೆ ತಾನಾಗೇ ಬಂದ್ಬಿಡತ್ತೆ ಆಂಟಿ. ಏನ್ ಮಾಡ್ಲಿ?”

ಇನ್ನೊಮ್ಮೆ ಫೇಲಾದರೆ ಮತ್ತೊಂದು ವರ್ಷ ಗಂಡ ಅಲ್ಲಿ, ಇವಳು ಇಲ್ಲಿ. ಪರೀಕ್ಷೆ ಹತ್ತಿರ ಬಂದಂತೆ ಅವಳ ಊಟವೇ ಕಡಿಮೆಯಾಯಿತು.

ಒಂದು ಬೆಳಿಗ್ಗೆ ಅವಳು ಮೊಬೈಲು ಹಿಡಿದು ಮೆಟ್ಟಿಲು ಧಡಧಡ ಇಳಿದಳು. “ಇಲ್ಲ ಆಂಟಿ! ಇಲ್ಲ! ಇನ್ನು ಇಲ್ಲವೇ ಇಲ್ಲ!” ಎಂದು ಸುಲೋಚನಾಳನ್ನು ತಬ್ಬಿಕೊಂಡು ಅತ್ತಳು. ಇವಳಿಗೆ ಕೆಲಸ ಕೊಡಲಿದ್ದ ಅಲ್ಲಿಯ ಆಸ್ಪತ್ರೆಯವರು ಶಿಫಾರಸು ಮಾಡಿದ್ದರಂತೆ. ಲೈಸೆನ್ಸ್ ಕೊಡುವವರು ಇವಳ ಎಂ.ಡಿ., ಇಷ್ಟು ವರ್ಷದ ಕೆಲಸ ನೋಡಿ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿದ್ದರು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಪರೀಕ್ಷೆ ಎಂಬ ಮಾತನ್ನು ಅವಳ ಅಳುವೇ ನುಂಗಿಬಿಟ್ಟಿತ್ತು.

ರತ್ನಮ್ಮಗಾರಿಗೆ ಕೇಳಿಸಿದ್ದು ‘ಇಲ್ಲ’ ಮಾತ್ರ. ತೆಲುಗಿನಲ್ಲಿ ಇಲ್ಲು ಅಂದರೆ ಮನೆ. “ಇಲ್ಲಾ? ಎಕ್ಕಡಮ್ಮಾ ಇಲ್ಲು? ಅಲ್ಲುಡು ಕೊನ್ನಾಡಾ?” ಎಂದರು. ಎಲ್ಲಿದೆಯಮ್ಮಾ ಮನೆ, ಅಳಿಯ ಕೊಂಡನಾ ಅಂತ. ಉತ್ತರಕ್ಕೆ ಕಾಯಲೇ ಇಲ್ಲ. ಹೊಸ ಮನೆಯೆಂದರೆ ಹಾಲುಕ್ಕಿಸಬೇಕಲ್ಲ! ನಾವು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಅವರ ಒಲೆಯ ಮೇಲೆ ಹಾಲು ಬುಸ್ಸೆಂದು ಉಕ್ಕಿ, ಮನೆತುಂಬ ಸೀದ ವಾಸನೆ. ವಿಷಯ ತಿಳಿದ ಮೇಲೂ ಅವರೇನೂ ಪೆಚ್ಚಾಗಲಿಲ್ಲ. “ಗಂಡ ಇದ್ದಲ್ಲಿಗೆ ಹೋಗ್ತಾಳಲ್ಲ, ಅದೇ ಇಲ್ಲು” ಎಂದು ತೆಲುಗಿನಲ್ಲೇ ತೀರ್ಪು ಕೊಟ್ಟು, ಉಳಿದ ಹಾಲಿಗೆ ಶಾವಿಗೆ ಸುರಿದರು. ಪಾಯಸ ಕುಡಿದು ನಾವು ನಾಲ್ವರೂ ಕುಣಿಯುವುದೊಂದು ಬಾಕಿ. ನನಗೆ ಮಾತ್ರ ಚೂರು ಬೇಸರವೂ ಆಯಿತೆನ್ನಿ. ಬರುವ ಭಾನುವಾರ ಮೂತ್ರಪಿಂಡದ ಕಲ್ಲಿನ ಪಾತ್ರವಿತ್ತು, ನರಳುವುದನ್ನು ಕಲಿತಿಟ್ಟುಕೊಂಡಿದ್ದೆ.

ಇವತ್ತು ಒಲೆ ಒರೆಸುತ್ತಿದ್ದಾಗ ಹೊರದೇಶದಿಂದ ಸುಪ್ರಿಯಾಳದೇ ಫೋನು. ಸುಲೋಚನಾ ಹೇಳಿರಬೇಕು.

“ಅಂಕಲ್, ಆಪರೇಷನ್ ಬಗ್ಗೆ ನಿಮಗೆ ಮುಖ್ಯವಾಗಿ ಯಾವುದರ ಆತಂಕ ಇದೆ?” ಎಂದಳು. ಮೆತ್ತಗಿನ ದನಿ, ತೂಕದ ಮಾತು. ಪೂರ್ತಿ ಅಂಕ ಸಿಗುವಂಥದ್ದು.

“ಅದೆಲ್ಲಾ ಬ್ಯಾಡವಾ ತಂಗಿ. ನೀ ಮೊದಲಿನಂಗ ಹೇಳು.”

ಅವಳು ದನಿ ತಗ್ಗಿಸಿದಳು. “ಆಂಟಿ ಅಲ್ಲೇ ಇದಾರಾ?”

“ಅದಾಳ. ಕೈಯಾಗ ಸೌಟೂ ಐತಿ.”

ಸುಲೋಚನಾ ನನ್ನ ಮುಖ ನೋಡಿದಳು. ಸೌಟನ್ನು ಸದ್ದಾಗದಂತೆ ಕಟ್ಟೆಯ ಮೇಲಿಟ್ಟಳು. “ಹೇಳವಾ,” ಎಂದಳು, “ಇವತ್ತ ಪರೀಕ್ಷಾ ಇಲ್ಲ.”

“ಏನೂ ಆಗಲ್ಲ ಬಿಡಿ ಅಂಕಲ್.”

ಪಾತ್ರೆಯ ತಳದಲ್ಲಿ ಉಳಿದಿದ್ದ ಹಾಲಿಗೆ ಚಹಾಪುಡಿ ಹಾಕಿ ಮತ್ತೆ ಒಲೆ ಹಚ್ಚಿದೆ. ಈ ಸಲ ಉಕ್ಕುವ ಮೊದಲೇ ಇಳಿಸಿದೆ.