ಎರಡು ತಾಸಿನ ಒಂದು ಪಾಯಿಂಟು

ಪ್ರಾಗ್‌ಗೆ ಬಂದ ಮೊದಲ ವಾರ, ಮನೆಯ ಒಡತಿ ನನ್ನನ್ನೊಂದು ನೆಲಮಾಳಿಗೆಗೆ ಕರೆದೊಯ್ದರು. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಎಂಬತ್ತರ ಆಸುಪಾಸಿನ ಅಜ್ಜ ಅಜ್ಜಿಯರು ಚಡ್ಡಿ ತೊಟ್ಟು, ತುಟಿಪಿಟಕ್ಕೆನ್ನದೆ ಟೇಬಲ್ ಟೆನಿಸ್ ಆಡುತ್ತಿದ್ದರು. ನಮ್ಮ ಬ್ಯಾಡಗಿಯಲ್ಲಿ ಆ ವಯಸ್ಸಿನವರು ಕಟ್ಟೆಯ ಮೇಲೆ ಕುಳಿತು ಮೊಮ್ಮಕ್ಕಳನ್ನು ಗದರುತ್ತಿರುತ್ತಾರೆ.

ಆದರೆ ಅವರ ಕಣ್ಣಿಗೆ ನಾನೇ ಹೆಚ್ಚು ವಿಚಿತ್ರವಾಗಿ ಕಂಡೆ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಆಟದ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಬ್ಯಾಟು ಕಣ್ಣಿಗೊತ್ತಿಕೊಂಡು ಬರಿಗಾಲಲ್ಲಿ ಆಡಿ ಕಲಿತವಳು ನಾನು. ಇಲ್ಲೂ ಬೂಟು, ಕಾಲುಚೀಲ ಕಳಚಿಟ್ಟು ಒಳಗೆ ಹೋದೆ. ಆಟ ನಿಂತಿತು. ಎಲ್ಲರೂ ನನ್ನ ಕಾಲನ್ನೇ ನೋಡಿದರು. ಒಡತಿ ಓಡಿಹೋಗಿ ‘ಬಾಚ್ಕೊರಿ’ ತಂದು ತೊಡಿಸಿದರು. ಬಾಚ್ಕೊರಿ ಎಂದರೆ ಒಳಗೆ ಮೆಟ್ಟುವ ಬಟ್ಟೆಯ ಜೋಡು. ಹೊರಗಿನ ಧೂಳು ಒಳಗೆ ಬರಬಾರದೆನ್ನುವುದರಲ್ಲಿ ಇವರೂ ನಮ್ಮಂಥವರೇ, ಬರಿಗಾಲು ಕಂಡರೆ ಮಾತ್ರ ಹೌಹಾರುತ್ತಾರೆ.

ಒಡತಿಯ ಹೆಸರು ಹಾನಾ. ಹಿರಿಯರಾದ್ದರಿಂದ ಹೆಸರಿನ ಮುಂದೆ ಗೌರವಕ್ಕೆ ‘ಪಾನಿ’ ಸೇರಿಸಬೇಕು. ನಾನು ತಂದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನೋಡಿ ಹೆದರಿದ ಪಾನಿ ಹಾನಾ, ರುಚಿ ನೋಡಿ ನಕ್ಕುಬಿಟ್ಟರು. ಅವರು ಬಡಿಸುವ ‘ಕ್ನೆಡ್ಲಿಕಿ’ ಹೂರಣ ಮರೆತ ಕಡುಬಿನ ಹಾಗಿರುತ್ತದೆ. ರೊಟ್ಟಿ ನೆನೆದು ಅದನ್ನೇ ನುಂಗುತ್ತೇನೆ.

ನರ್ಸ್ ಕೆಲಸಕ್ಕೆಂದು ಬಂದಿದ್ದೆ. ಇಲ್ಲಿಯ ಭಾಷೆಯಲ್ಲಿ ಮೌಖಿಕ ಪರೀಕ್ಷೆ ಗೆದ್ದರಷ್ಟೇ ಕೆಲಸ. ಒಮ್ಮೆ ಫೇಲಾಗಿದ್ದೆ. ಇನ್ನೊಮ್ಮೆ ಆದರೆ ಗಂಟುಮೂಟೆ ಕಟ್ಟಬೇಕು. ಬಾಯಿ ತೆರೆದರೆ ಎಲ್ಲಿ ತಪ್ಪುತ್ತೇನೋ ಎಂದು ಅಂಗಡಿಯಲ್ಲೂ ಕೈಸನ್ನೆ ಮಾಡುತ್ತಿದ್ದೆ. ದಿನಕ್ಕೊಮ್ಮೆ ಅಳುತ್ತಿದ್ದೆ.

ಹಾಗೆ ಅತ್ತ ಒಂದು ಭಾನುವಾರ ಪಾನಿ ಹಾನಾ ನನ್ನನ್ನು ಊರ ನಡುವಿನ ಹಳೆಯ ಸಭಾಂಗಣಕ್ಕೆ ಕರೆದೊಯ್ದರು. ಎರಡು ಮಹಾಯುದ್ಧಗಳ ನಡುವೆ ಇಲ್ಲಿ ಟೇಬಲ್ ಟೆನಿಸ್ಸಿನ ವಿಶ್ವ ಚಾಂಪಿಯನ್‌ಶಿಪ್ ನಡೆದಿತ್ತು. ಅವರ ಅಪ್ಪ ಆಗ ಹರೆಯದ ಹುಡುಗ, ಮೇಲಿನ ಮಹಡಿಯಲ್ಲಿ ನಿಂತು ನೋಡಿದ್ದರು. ಇಬ್ಬರು ಆಟಗಾರರು ಒಂದೇ ಒಂದು ಪಾಯಿಂಟನ್ನು ಎರಡು ತಾಸಿಗೂ ಹೆಚ್ಚು ಹೊತ್ತು ಆಡಿದರಂತೆ. ಯಾರೂ ಜೋರಾಗಿ ಹೊಡೆಯಲಿಲ್ಲ, ಯಾರೂ ಚೆಂಡು ಬಿಡಲಿಲ್ಲ, ಬಂದದ್ದನ್ನು ತಿರುಗಿಸುತ್ತಲೇ ಇದ್ದರು. ಅತ್ತಿತ್ತ ನೋಡಿ ನೋಡಿ ಅಂಪೈರನ ಕುತ್ತಿಗೆ ಉಳುಕಿ, ಅವನ ಜಾಗದಲ್ಲಿ ಬೇರೆಯವರನ್ನು ಕೂರಿಸಬೇಕಾಯಿತು. ಅದಾಗಿ ಮೂರು ವರ್ಷಕ್ಕೆ ಪರದೇಶದ ಸೈನ್ಯ ಈ ಬೀದಿಗಳಿಗೆ ನುಗ್ಗಿತು. ಅಪ್ಪ ಸಾಯುವವರೆಗೂ ಆ ಪಾಯಿಂಟಿನ ಕಥೆಯನ್ನೇ ಹೇಳುತ್ತಿದ್ದರು. ಅದು ಕೊನೆಗೆ ಯಾರ ಪಾಲಾಯಿತೆಂದು ಮಾತ್ರ ಅವರಿಗೆ ನೆನಪಿರಲಿಲ್ಲ.

ಆ ಖಾಲಿ ಸಭಾಂಗಣದಲ್ಲಿ ನಿಂತಾಗ ಊರಿನಲ್ಲಿ ಅವ್ವನೂ, ಓಣಿಯ ಹೆಂಗಸರೂ ಬೆಳಗಿನಿಂದ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ನೆನಪಾಯಿತು. ರಾಶಿ ಕರಗದು, ಅವರು ಏಳರು. ಪಾನಿ ಹಾನಾ ನನ್ನ ಕೈ ಹಿಡಿದು ಹೇಳಿದ್ದನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ: “ನಿನಗ ಯಾರು ಹೊಡದು ಗೆಲ್ಲು ಅಂದಾರ? ಬಂದದ್ದನ್ನ ತಿರುಗಿ ಕೊಡು, ಅಷ್ಟ ಸಾಕು.”

ಪರೀಕ್ಷೆಯಲ್ಲಿ ಈ ಊರಿನ ಬಗ್ಗೆ ಏನಾದರೂ ಹೇಳಿ ಎಂದರು. ಬಾಯಿಪಾಠ ಮಾಡಿದ್ದ ಕೋಟೆ, ಸೇತುವೆ ಎಲ್ಲವೂ ಮರೆತುಹೋಯಿತು. ಆಗ ಆ ಪಾಯಿಂಟಿನ ಕಥೆ ಶುರುಮಾಡಿದೆ. ವಿಭಕ್ತಿ ತಪ್ಪಿತು, ಲಿಂಗ ತಪ್ಪಿತು, ಆದರೂ ನಿಲ್ಲಲಿಲ್ಲ. ಅವರು ಕೇಳಿದ್ದಕ್ಕೆಲ್ಲ ಏನೋ ಒಂದು ಉತ್ತರ ಕೊಡುತ್ತಲೇ ಹೋದೆ. ಕೊನೆಗೆ ಆ ಪಾಯಿಂಟು ಯಾರಿಗೆ ಬಂತು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ನಕ್ಕರು. ನಾನು ಪಾಸಾದೆ.

ಸಂಜೆ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅತ್ತ ಕಡೆ ತೊಟ್ಟು ಮುರಿಯುವ ಸಪ್ಪಳ ನಿಂತಿತು. ದಿನಾ ಆಕೆ ಕೇಳುತ್ತಿದ್ದುದು ಒಂದೇ ಮಾತು: “ಊರಿಗೆ ಯಾವಾಗ ಬರ್ತಿ?” ಅಂದು ಅದನ್ನು ಕೇಳಲಿಲ್ಲ. “ಚಲೋ ಆತು ಬಿಡವಾ. ಮತ್ತ, ನಿಮ್ಮೂರಾಗ ಥಂಡಿ ಹೆಂಗೈತಿ?” ಅಂದಳು.

ನಿಮ್ಮೂರು ಅಂದಳು. ನನ್ನೂರು ಬ್ಯಾಡಗಿಯೇ ಅವ್ವಾ ಎನ್ನಬೇಕೆಂದು ಬಾಯಿ ತೆರೆದೆ. ಬಾಚ್ಕೊರಿಯೊಳಗೆ ನನ್ನ ಕಾಲುಗಳು ಬೆಚ್ಚಗಿದ್ದವು. ಥಂಡಿ ಕಡಿಮೆಯಾಗಿದೆ ಎಂದಷ್ಟೇ ಹೇಳಿದೆ.