ಬೇರಿಂಗ್ ಹಾಕಿದ ಸೂಟ್‌ಕೇಸು

ಚಕ್ರದ ಸೂಟ್‌ಕೇಸು ಎಳೆದುಕೊಂಡು ಹೋಗುವವರನ್ನು ಕಂಡರೆ ನನಗೆ ಮೊದಲಿಂದಲೂ ಮೈಯೆಲ್ಲ ಉರಿ. ಅವರೇನೋ ಮುಂದೆ ನೋಡಿಕೊಂಡು ಆರಾಮಾಗಿ ನಡೆಯುತ್ತಿರುತ್ತಾರೆ. ಹಿಂದೆ ಬರುವ ಸಾಮಾನು ಯಾರ ಕಾಲಿನ ಮೇಲೆ ಹತ್ತಿ ಇಳಿಯಿತು ಎಂಬ ಪರಿವೆಯೇ ಇರುವುದಿಲ್ಲ. ಮೈಸೂರಿನ ಸಿಟಿ ಬಸ್ ನಿಲ್ದಾಣದಲ್ಲಿ ನನ್ನ ಕಾಲಿನ ಕಿರುಬೆರಳು ಹೀಗೆ ಎರಡು ಸಲ ಜಜ್ಜಿಹೋಗಿದೆ. ಅಂಥ ನಾನೇ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಅದೇ ನಿಲ್ದಾಣದಲ್ಲಿ, ಮೂರು ತಿಂಗಳ ಮಗನನ್ನು ಎದೆಗವಚಿಕೊಂಡು, ಅಂಥದೇ ಸೂಟ್‌ಕೇಸಿನ ಹಿಂದೆ ಹೆಜ್ಜೆ ಹಾಕಿದೆ. ಎಳೆಯುತ್ತಿದ್ದವರು ನಮ್ಮಪ್ಪ.

ಕುಂಬಾರಕೊಪ್ಪಲಿನ ತವರಿನಲ್ಲಿ ಬಾಣಂತನ ಮುಗಿಸಿ ನಾನು ದಟ್ಟಗಳ್ಳಿಯ ಗಂಡನ ಮನೆಗೆ ಹೊರಟಿದ್ದೆ. ಹಾಗೆ ಹೊರಟ ಮಗಳ ಸಾಮಾನನ್ನು ತಂದೆಯಾದವನು ತಾನೇ ಬೀಗರ ಬಾಗಿಲಿಗೆ ತಂದಿಳಿಸಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಅಪ್ಪನಿಗೋ ಐದು ವಾರದ ಹಿಂದಷ್ಟೇ ಹರ್ನಿಯಾ ಆಪರೇಷನ್ ಆಗಿತ್ತು. ತುಂಬಿದ ಕೊಡ ಕೂಡ ಎತ್ತಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಬೀದಿಯಲ್ಲಿ ಯಾರ ಮನೆಗೆ ಬೀರು ಬಂದರೂ, ಗ್ಯಾಸ್ ಸಿಲಿಂಡರ್ ಬಂದರೂ ಎತ್ತಿ ಇಳಿಸಲು ಕರೆ ಬರುತ್ತಿದ್ದುದು ಅಪ್ಪನಿಗೆ. ಅಂಥ ಮನುಷ್ಯ ತನ್ನ ಮಗಳ ಸಾಮಾನು ಹೊರಲು ಇನ್ನೊಬ್ಬರನ್ನು ಕರೆಯುವುದುಂಟೆ? ನಮ್ಮ ಯಜಮಾನರು ತಾವೇ ಬರುತ್ತೇನೆಂದರೂ ಅಪ್ಪ ಒಪ್ಪಲಿಲ್ಲ.

"ಎತ್ತಬೇಡಿ ಅಂದವ್ರೆ ಡಾಕ್ಟ್ರು. ಎಳೀಬೇಡಿ ಅಂದಿಲ್ವಲ್ಲ!" ಎಂದು ನಾಲ್ಕು ಚಕ್ರದ ಗಟ್ಟಿ ಸೂಟ್‌ಕೇಸೊಂದನ್ನು ತಂದೇಬಿಟ್ಟರು. ಎಳೆಯಲು ಅದಕ್ಕೊಂದು ಪಟ್ಟಿ. ನಮ್ಮ ಬೀದಿಯಲ್ಲಿ ಎಳೆದು ನೋಡುವಾಗಲೇ ಎರಡು ಪ್ಲಾಸ್ಟಿಕ್ ಚಕ್ರ ಕಿತ್ತುಬಂದವು. ಮೇಟಗಳ್ಳಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವ ಅಪ್ಪನಿಗೆ ಅವಮಾನವಾಯಿತು. ಒಂದು ಭಾನುವಾರವಿಡೀ ಕೂತು ನಾಲ್ಕೂ ಕಡೆ ಕಬ್ಬಿಣದ ಬೇರಿಂಗ್ ಹಾಕಿದರು. ಹುಡುಗರು ಹಲಗೆಗೆ ಸಿಕ್ಕಿಸಿ ಇಳಿಜಾರಿನಲ್ಲಿ ಗಾಡಿ ಬಿಡುತ್ತಾರಲ್ಲ, ಅವೇ ಬೇರಿಂಗು. ಅಬ್ಬಬ್ಬಾ, ಅದರ ಸದ್ದೇ!

"ಅಪ್ಪಾ, ಇದರ ಗಲಾಟೆಗೆ ಸತ್ತ ಹೆಣಾನೂ ಎದ್ದು ಕೂರುತ್ತೆ" ಎಂದೆ.

"ಬುಡ್ತು ಅನ್ನು! ಎಳೇ ಕೂಸು ಮಡ್ಲಲ್ಲಿಟ್ಕೊಂಡು ಎಂಥಾ ಮಾತಾಡ್ತೀಯ" ಎಂದು ಗದರಿದರು.

ಹಾಸಿಗೆ ಹಿಡಿದಿದ್ದ ನಮ್ಮಜ್ಜಿಯನ್ನು ನೋಡಿಕೊಳ್ಳಲು ಅಮ್ಮ ಮನೆಯಲ್ಲೇ ಉಳಿದಳು. ಆದರೆ ಕೊಬ್ಬರಿ, ಬೆಲ್ಲ, ಅಂಟಿನುಂಡೆ, ಮಗುವಿನ ಬಟ್ಟೆಬರೆ ಎಲ್ಲ ಸೂಟ್‌ಕೇಸಿಗೆ ತುರುಕಿ, ಮುಚ್ಚಳದ ಮೇಲೆ ಕೂತೇ ಬೀಗ ಹಾಕಿದಳು. ಆಗ ದಟ್ಟಗಳ್ಳಿಯೆಂದರೆ ಆಟೋದವರು ಮುಖ ತಿರುಗಿಸುತ್ತಿದ್ದರು. ನಮ್ಮ ಆಟೋದವನೂ ಸಿಟಿ ಬಸ್ ನಿಲ್ದಾಣದಲ್ಲಿ ನಮ್ಮನ್ನು ಇಳಿಸಿ ಹೋದ.

ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಅಪ್ಪ ಪಟ್ಟಿ ಹಿಡಿದು ಎಳೆದರು ನೋಡಿ, ಗರ್ರ್ ಎಂದು ಶುರುವಾಯಿತು. ಜನ ಬೆಚ್ಚಿ ತಿರುಗಿದರು.

"ಏನ್ರೀ ಇದು, ರೋಡ್ ರೋಲ್ರಾ?" ಎಂದರು ಒಬ್ಬರು.

"ಸೈಡು, ಸೈಡು! ಬಾಣಂತಿ ಬತ್ತಾವ್ಳೆ!" ಎಂದು ಅಪ್ಪ ಕೂಗಿದರು.

ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ನಡೆದೆ. ಆದರೆ ನಿಜ ಹೇಳಬೇಕು, ಅಷ್ಟು ನೂಕುನುಗ್ಗಲಿನಲ್ಲಿ ನನಗಾಗಲಿ ಮಗುವಿಗಾಗಲಿ ಯಾರ ಮೊಣಕೈಯೂ ತಗಲಲಿಲ್ಲ. ಬಯ್ದುಕೊಂಡೇ ಎಲ್ಲರೂ ದಾರಿ ಬಿಟ್ಟರು.

ಬಸ್ಸಿನ ಮೆಟ್ಟಿಲು ಬೇರಿಂಗಿಗೆ ಹತ್ತಲಾಗದ್ದು. ಕಂಡಕ್ಟರು ಗೊಣಗುತ್ತಾ ಸೂಟ್‌ಕೇಸನ್ನು ಒಳಗೆಳೆದುಕೊಂಡರು. ಪುಣ್ಯಾತ್ಮರು, ಅದರಿಂದ ತಮಗೇ ಏನು ಕಾದಿದೆಯೆಂದು ಅವರಿಗೇನು ಗೊತ್ತು! ಡ್ರೈವರು ಮೊದಲ ಬ್ರೇಕ್ ಹಾಕಿದ್ದೇ ತಡ, ಅದು ಹಿಂದಿನಿಂದ ಮುಂದಕ್ಕೆ ಉರುಳಿಹೋಗಿ ಅವರ ಮೊಣಕಾಲಿಗೇ ಬಡಿಯಿತು. ಬಸ್ಸು ಹೊರಟಾಗ ಅದೂ ತಿರುಗಿ ಹಿಂದಕ್ಕೆ ಹೊರಟಿತು. ಅಪ್ಪ ಅದರ ಹಿಂದೆ, ಕಂಡಕ್ಟರು ಅಪ್ಪನ ಹಿಂದೆ. ನಿಂತವರೆಲ್ಲ ಒಂದೊಂದು ಕಾಲೆತ್ತಿ ದಾರಿ ಬಿಟ್ಟರು.

ಕೊನೆಗೆ, ಸೀಟು ಸಿಗದೆ ತರಕಾರಿ ಚೀಲ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ಅದರ ಮೇಲೆ ದೊಪ್ಪನೆ ಕೂತುಬಿಟ್ಟರು. "ಈಗ ಎಲ್ಗೋಯ್ತದೆ ನೋಡಾನ" ಎಂದರು. ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ನನಗಂತೂ ಕಣ್ಣಲ್ಲಿ ನೀರು ಬಂತು. ಅಪ್ಪ ಹೊಟ್ಟೆ ಅದುಮಿ ಹಿಡಿದು, "ನಗಿಸ್ಬೇಡಿ ಕಣ್ರವ್ವ, ಹೊಲಿಗೆ ಬಿಚ್ಕೊಂಡಾತು" ಎಂದು ಬೇಡಿಕೊಂಡರು. ಅಜ್ಜಿ ತಮ್ಮ ಸ್ಟಾಪು ಬರುವವರೆಗೂ ರಾಣಿಯ ಹಾಗೆ ಕೂತೇ ಬಂದರು.

ದಟ್ಟಗಳ್ಳಿಯಲ್ಲಿ ಕಂಡಕ್ಟರು ಸೂಟ್‌ಕೇಸನ್ನು ಕೆಳಗಿಳಿಸಿ, ದೊಡ್ಡದೊಂದು ಉಸಿರುಬಿಟ್ಟು ಸೀಟಿ ಊದಿದರು. ಹೊಸ ಬಡಾವಣೆ. ನಮ್ಮ ಬೀದಿಗೆ ಇನ್ನೂ ಟಾರು ಬಿದ್ದಿರಲಿಲ್ಲ, ಬರೀ ಜಲ್ಲಿ. ಮೂಲೆಯಿಂದ ನಾಲ್ಕೇ ಮನೆ, ಗೇಟಿನಲ್ಲಿ ಅತ್ತೆ ನಿಂತಿರುವುದೂ ಕಾಣುತ್ತಿತ್ತು. ಅಲ್ಲಿಗೆ ಬಂದು ಬೇರಿಂಗುಗಳು ಜಲ್ಲಿಯಲ್ಲಿ ಹೂತುಹೋದವು. ಅಪ್ಪ ಎಳೆದರು, ಜಗ್ಗಿದರು. ಕದಲಲಿಲ್ಲ. ಆಮೇಲೆ ಸುತ್ತ ನೋಡಿ, ಬಗ್ಗಿ, ಎರಡೂ ಕೈ ಸೂಟ್‌ಕೇಸಿನ ಅಡಿಗೆ ಹಾಕಿದರು.

"ಅಪ್ಪಾ, ಎತ್ತಿದ್ರೆ ನನ್ನಾಣೆ!" ಎಂದು ಕಿರುಚಿದೆ.

"ನಾಕೇ ಮನೆ ಕಣವ್ವ. ಬೀಗರು ನೋಡ್ತಾವ್ರೆ" ಎಂದರು. ನನಗೆ ಭಯಕ್ಕೂ ಸಿಟ್ಟಿಗೂ ಅಳು ಬಂತು.

ಅಷ್ಟರಲ್ಲಿ ಅತ್ತೆ ದಾಪುಗಾಲು ಹಾಕಿಕೊಂಡು ಬಂದರು. ನಮ್ಮತ್ತೆ ಗಟ್ಟಿ ಜೀವ, ಮಾತೂ ಖಡಕ್ಕು. ಏನನ್ನುತ್ತಾರೋ ಎಂದು ಮಗನನ್ನು ಇನ್ನಷ್ಟು ಅವಚಿಕೊಂಡೆ.

"ಕೈ ತೆಗೀರಿ ಬೀಗ್ರೇ. ನಮ್ಮ ಬೀದಿಗೆ ಬಂತು ಅಂದ್ಮೇಲೆ ಅದು ನಮ್ಮನೆ ಸಾಮಾನು. ನಮ್ಮದನ್ನ ನಾವು ಹೊತ್ಕೋತೀವಿ" ಎಂದರು. ಸೆರಗನ್ನೇ ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಒಂದೇ ಏಟಿಗೆ ಸೂಟ್‌ಕೇಸನ್ನು ತಲೆಗೇರಿಸಿದರು. ಅಪ್ಪ ಬರಿಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದರು.

ಅತ್ತೆ ಎರಡು ಹೆಜ್ಜೆ ಹೋದವರು ನಿಂತು, ತಿರುಗದೆಯೇ ನನಗೆ ಹೇಳಿದರು: "ಮಗೂನ ತಾತನ ಕೈಗೆ ಕೊಡಮ್ಮ. ಅವರು ತಂದಿಳಿಸ್ಬೇಕಾದ್ದು ಅದು."

ಕೊಟ್ಟೆ. ಅಪ್ಪ ಅವನನ್ನು ಎರಡೂ ಕೈಯಲ್ಲಿ ಹಿಡಿದು, ಜಲ್ಲಿಯ ಮೇಲೆ ಒಂದೊಂದೇ ಹೆಜ್ಜೆ ಊರಿ ನಡೆದರು. ಹೊಸಿಲಿನ ಮುಂದೆ ನಿಂತು, ಕಣ್ಣು ತುಂಬಿಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದರು: "ತಗೊಳ್ರವ್ವ, ತಂದಿವ್ನಿ."