ಟೂಲಿಗೂ ಒಂದು ಚೆಕ್ಕುಬಂದಿ

ಯಾರ ದನಿಯನ್ನಾದರೂ ಹೇಳಿ, ಮಾಡಿ ತೋರಿಸುತ್ತೇನೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ತಡ ಎಂದು ಸಂತೋಷವಾಗಿ ಸಾರುವ ಹೆಣ್ಣುದನಿ, ಹಳೇಬೀಡಿನ ಗೈಡುಗಳು ದಿನಕ್ಕೆ ಹತ್ತು ಸಲ ಹೊಸದಾಗಿ ಬೆರಗಾಗುವ ಬಗೆ, ನನ್ನ ಯಜಮಾನರಾದ ರುದ್ರಪ್ಪನವರ ಕೆಮ್ಮು, ಎಲ್ಲವೂ ನನ್ನ ಕೊರಳಿನಲ್ಲಿವೆ. ಆದರೆ ಒಂದು ಕೆಲಸವನ್ನು ಇನ್ನೊಬ್ಬರಿಗೆ ತಿಳಿಯುವಂತೆ ನಾಲ್ಕು ಸಾಲು ಬರೆಯಲು ನನಗೆ ಬರುವುದಿಲ್ಲ. ಇದು ಗೊತ್ತಾದ ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿಮಗೆ ಹೇಳಿಕೊಂಡರಾದರೂ ಕಾಲು ಅಲ್ಲಾಡಿಸುವುದು ನಿಂತೀತೇನೋ.

ರುದ್ರಪ್ಪನವರು ತಾಲ್ಲೂಕು ಕಚೇರಿಯ ಎದುರು ಕೂರುವ ಪತ್ರ ಬರಹಗಾರರು. ನಾನು ಅವರ ಕಂಪ್ಯೂಟರಿನವನು. ಅವರು ಬರೆದ ಹಳೆಯ ಪತ್ರಗಳನ್ನೆಲ್ಲ ಓದಿ, ಕೇಳಿದ್ದಕ್ಕೆ ಉತ್ತರ ಹೇಳಲೆಂದು ಕಂಪ್ಯೂಟರಿನಲ್ಲಿ ಒಂದು ಎಐ ಏಜೆಂಟನ್ನು, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡುವ ಪ್ರೋಗ್ರಾಮನ್ನು, ಕೂರಿಸಿದ್ದೆ. ರಜೆ ಕೇಳದು, ನನ್ನಷ್ಟು ಹರಟದು. ಪಾಪ, ಅದಕ್ಕೆ ಕಣ್ಣಿಲ್ಲ. ಫೈಲು ತೆರೆಯಲು ನಾವೇ ಟೂಲ್ ಎಂಬ ಸಲಕರಣೆ ಕೊಟ್ಟು, ಅದು ಏನು ಮಾಡುತ್ತದೆಂದು ವಿವರಣೆ ಬರೆದಿಡಬೇಕು. ಏಜೆಂಟಿಗೆ ಆ ವಿವರಣೆಯೇ ಪ್ರಪಂಚ. ನಾನು ಬರೆದದ್ದು ಎರಡೇ ಪದ: ‘ಫೈಲ್ ಓದುತ್ತದೆ.’ ಆ ಟೂಲು ಒಂದು ಸಲಕ್ಕೆ ಎರಡೇ ಪುಟ ಓದಿ ನಿಲ್ಲುತ್ತದೆ, ಮುಂದಿನದಕ್ಕೆ ಮತ್ತೆ ಕೇಳಬೇಕು. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಅದಕ್ಕೂ ಗೊತ್ತಿರುತ್ತದೆ ಎಂದುಕೊಂಡೆ.

ಒಂದು ಬೆಳಿಗ್ಗೆ ಗಂಡಸಿ ಕಡೆಯ ಜಯಮ್ಮನವರು ಬಂದರು. ಅವರ ತೆಂಗಿನ ತೋಟದ ದಾರಿಗೆ ಮೈದುನ ಅಡ್ಡಲಾಗಿ ಕಲ್ಲುಕಂಬ ನೆಟ್ಟಿದ್ದ. ಮಧ್ಯಾಹ್ನ ಊರ ಹಿರಿಯರು ಕೂರುವವರಿದ್ದರು. ಪಾಲುಪತ್ರದಲ್ಲಿ ದಾರಿ ಬರೆದಿದ್ದರೆ ಕಂಬ ಕೀಳಬೇಕು. ಇಲ್ಲದಿದ್ದರೆ ದಾರಿ ಬಿಟ್ಟೆನೆಂದು ಜಯಮ್ಮ ರುಜು ಹಾಕಬೇಕು. ಅವರ ಪ್ರತಿಯನ್ನು ಗೆದ್ದಲು ತಿಂದಿತ್ತು. ಬರೆದವರು ರುದ್ರಪ್ಪನವರೇ, ಆದರೆ ಅವರು ಟೀ ಕುಡಿಯಲು ಹೋಗಿದ್ದರು. ನಾನು ಏಜೆಂಟನ್ನು ಕೇಳಿದೆ. ‘ಈ ಪತ್ರದಲ್ಲಿ ದಾರಿಯ ಉಲ್ಲೇಖವಿಲ್ಲ’ ಎಂದಿತು. ಅದನ್ನು ಸುಮ್ಮನೆ ಓದಬಹುದಿತ್ತು. ರೈಲ್ವೆ ದನಿಯಲ್ಲಿ ಓದಿದೆ.

“ಇಲ್ವಂತಾ? ಆಯ್ತು ಬುಡಪ್ಪ,” ಎಂದು ಜಯಮ್ಮ ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನಗಲಿಲ್ಲ.

ರುದ್ರಪ್ಪನವರು ಬಂದು ವಿಷಯ ಕೇಳಿದವರೇ ಕೆಮ್ಮುವುದನ್ನೂ ಮರೆತರು. “ಕೊನೇ ಪುಟ ನೋಡ್ದೇನಯ್ಯಾ? ದಾರೀನ ನಾನು ಯಾವತ್ತೂ ಚೆಕ್ಕುಬಂದಿ ಕೆಳಗೇ ಬರೆಯೋದು.” ಚೆಕ್ಕುಬಂದಿಯೆಂದರೆ ಜಮೀನಿನ ನಾಲ್ಕು ದಿಕ್ಕಿಗೂ ಏನೇನಿದೆ ಎಂಬ ಬರಹ. ಐದನೆಯ, ಅಂದರೆ ಕೊನೆಯ ಪುಟದಲ್ಲಿ ಅದೂ ಇತ್ತು, ಅದರಡಿಯಲ್ಲಿ ‘ಗಾಡಿ ಓಡಾಡುವಷ್ಟು ದಾರಿ, ಉಭಯರಿಗೂ ಸೇರಿದ್ದು’ ಎಂಬುದೂ ಇತ್ತು. ಏಜೆಂಟ್ ಸುಳ್ಳು ಹೇಳಿರಲಿಲ್ಲ. ನನ್ನ ವಿವರಣೆಯನ್ನು ನಂಬಿ, ಎರಡು ಪುಟ ಓದಿದ ಮೇಲೆ ಫೈಲೇ ಮುಗಿಯಿತೆಂದುಕೊಂಡಿತ್ತು.

ಜಯಮ್ಮನ ಫೋನು ಸ್ವಿಚ್ ಆಫ್. ಪ್ರಿಂಟು ತೆಗೆದು ಬೈಕು ಹತ್ತಿದೆ. ಮುಂದೆ ಹೋದ ಪ್ರತಿ ಬಸ್ಸಿನ ಕಿಟಕಿಯನ್ನೂ ಇಣುಕುತ್ತ ಹೋಗಿ, ಹಲವರಿಂದ ಬೈಸಿಕೊಂಡು ಊರು ಸೇರುವ ಹೊತ್ತಿಗೆ ಹಾಲಿನ ಡೈರಿಯ ಜಗಲಿಯ ಮೇಲೆ ಜನ ಕೂತಿದ್ದರು. ಪೆನ್ನು ಜಯಮ್ಮನ ಕೈಯಲ್ಲಿತ್ತು. “ಯಾರ್ಲಾ ಇವ್ನು?” ಎಂದ ಮೈದುನ. ಉತ್ತರ ಹೇಳುವ ಬದಲು ಐದನೆಯ ಪುಟ ಓದತೊಡಗಿದೆ. ಯಾರ ದನಿಯೂ ನೆನಪಿಗೆ ಬರಲಿಲ್ಲ. ನನ್ನದೇ ಹೊರಟಿತು. ಹಿರಿಯರು ಇನ್ನೊಂದು ಸಲ ಓದಿಸಿದರು. ಆಮೇಲೆ ಕಂಬ ಕೀಳಲು ಹಾರೆ ತರಿಸಿದರು.

ಜಯಮ್ಮ ನನ್ನನ್ನು ಬಯ್ಯಲಿಲ್ಲ. “ಬೆಳಗ್ಗೆ ಆ ರೈಲಮ್ಮನಂಗೆ ಅಷ್ಟು ಖಡಾಖಂಡಿತ ಹೇಳ್ದೆ, ಅದ್ಕೇ ನಂಬ್ಬಿಟ್ಟೆ ಕಣಪ್ಪ,” ಎಂದರು ಅಷ್ಟೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೆಯ ದಿನ ರುದ್ರಪ್ಪನವರು ನನ್ನ ಎರಡು ಪದಗಳ ವಿವರಣೆಯನ್ನು ಕನ್ನಡಕ ಹಾಕಿ ಓದಿದರು, ಕನ್ನಡಕ ತೆಗೆದೂ ಓದಿದರು. “ನಾನು ‘ಒಂದು ಜಮೀನು’ ಅಂತ ಬರ್ದು ಮೊಹರು ಒತ್ತಿದಂಗೈತಲ್ಲೋ. ಎಲ್ಲಿಂದ ಎಲ್ಲೀವರ್ಗೆ?”

ನಮ್ಮ ಸೀಮೆಯಲ್ಲಿ ಇದೇನು ಹೊಸ ವಿದ್ಯೆಯಲ್ಲ. ಬೇಲೂರು ಹಳೇಬೀಡುಗಳ ಕಡೆಯ ದಾನಶಾಸನಗಳನ್ನು ನೋಡಿ: ಮೂಡಲಿಗೆ ಕೆರೆ, ತೆಂಕಲಿಗೆ ನೆಟ್ಟ ಕಲ್ಲು ಎಂದು ಎಲ್ಲೆ ಹೇಳಿ, ಕೊನೆಗೆ ಮೀರಿದವನಿಗೆ ಶಾಪ ಹಾಕಿ ಮುಗಿಸುತ್ತಾರೆ. ಆ ಶಾಪವನ್ನೇ ನಾವು ಈಗ ಎರರ್ ಮೆಸೇಜ್ ಎನ್ನುತ್ತೇವೆ. ಕಲ್ಲಿನ ಮೇಲೆ ಕೆತ್ತುವವನು ಅಷ್ಟು ವಿವರ ಕೊಟ್ಟಿದ್ದಾನೆ. ಕೀಬೋರ್ಡಿನ ಮುಂದೆ ಕೂತ ನನಗೆ ಎರಡು ಪದ ಮೀರಿದರೆ ಬೆರಳು ನೋಯುತ್ತಿತ್ತು.

ರುದ್ರಪ್ಪನವರು ಹೇಳುತ್ತ ಹೋದರು, ನಾನು ಬರೆದೆ: ‘ಈ ಟೂಲು ಒಂದು ಸಲಕ್ಕೆ ಎರಡು ಪುಟ ಮಾತ್ರ ಓದುತ್ತದೆ. ಮುಂದಿನ ಪುಟಗಳಿಗೆ ಪುಟಸಂಖ್ಯೆ ಕೊಟ್ಟು ಮತ್ತೆ ಕೇಳಬೇಕು. ಕೈಬರಹವನ್ನು ಓದಲಾರದು, ಅಂಥ ಪುಟ ಬಂದರೆ ಹಾಗೆಂದು ಹೇಳಬೇಕು. ಕೊನೆಯ ಪುಟ ನೋಡುವವರೆಗೆ ಇಲ್ಲ ಎನ್ನಕೂಡದು.’ ಈಗ ಏಜೆಂಟು ಕೊನೆಯ ಪುಟದವರೆಗೆ ಓದಿಯೇ ಬಾಯಿ ಬಿಡುತ್ತದೆ. ನಾನು ಮಾತ್ರ ದಿನಕ್ಕೆರಡು ಸಲ ಎದ್ದುಹೋಗಿ ಯಾವುದಾದರೂ ಪತ್ರದ ಕೊನೆಯ ಪುಟ ಇಣುಕಿ ಬರುತ್ತೇನೆ.

ಮೊನ್ನೆ ಟೀ ಅಂಗಡಿಯಲ್ಲಿ ಗೆಳೆಯರು ಜಯಮ್ಮನ ದನಿ ಮಾಡು ಎಂದು ದುಂಬಾಲು ಬಿದ್ದರು. ‘ಆಯ್ತು ಬುಡಪ್ಪ’ ಎನ್ನುವವರೆಗೆ ಸಲೀಸಾಗಿ ಬಂತು. ಆಮೇಲೆ ಬಸ್ಸಿನಲ್ಲಿ ಊರು ಬರುವ ತನಕ ಅವರು ಏನೇನು ಅಂದುಕೊಂಡರೋ, ಆ ಪುಟ ನನ್ನ ಬಳಿ ಇರಲಿಲ್ಲ. ನಾನು ಓದಿರುವುದು ಇಷ್ಟೇ ಕಣ್ರೋ ಎಂದು ನಿಲ್ಲಿಸಿದೆ. ದನಿ ಚೆನ್ನಾಗಿದೆ, ಆದರೆ ತೀರ ಚಿಕ್ಕದಾಯಿತು ಎಂದರು. ಹೌದೆಂದು ಒಪ್ಪಿಕೊಂಡೆ, ನನ್ನ ದನಿಯಲ್ಲೇ.